ನನ್ನದೊಂದು ಅವತಾರ

ಎಪ್ಪತ್ತೈದು ತುಂಬಿದ ಗೃಹಸ್ಥನೊಬ್ಬ ಬೆಳಗಿನ ಕಾಫಿ ಮುಗಿಸಿ, ಪತ್ರಿಕೆಯನ್ನು ಮಡಿಸಿಟ್ಟು, ಕವಣೆ ಹಿಡಿದು ಕಾಡಿಗೆ ಹೊರಡುತ್ತಾನೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ, ನಮ್ಮ ಮನೆಯಲ್ಲಿ ಆಗಲೇ ಸಾಕಷ್ಟು ನಕ್ಕಾಗಿದೆ. ಪಶ್ಚಿಮ ಮಾಂಬಲದ ನಮ್ಮ ಬೀದಿಯಲ್ಲಿ ಕಾಡೆಂದರೆ ಎದುರುಮನೆಯ ಎರಡು ತೆಂಗಿನ ಮರ, ಮೂಲೆಯ ಪಿಳ್ಳೆಯಾರ್ ಗುಡಿಯ ಅರಳಿ, ಇಷ್ಟೇ. ನಾನು ಹೇಳುವ ಕಾಡು ಇರುವುದು ಕಂಪ್ಯೂಟರಿನೊಳಗೆ. "ಇದೇನು ನಿಮ್ಮ ಅವತಾರ!" ಎಂದು ನನ್ನಾಕೆ ಮೊದಲ ದಿನ ಹಣೆ ಚಚ್ಚಿಕೊಂಡಳು. ಆಕೆ ಬೈಗುಳವಾಗಿ ಆಡಿದ ಆ ಮಾತು ಆಟದ ಹೆಸರಿನಲ್ಲಿಯೇ ಇದೆ ಎಂಬುದು ಪಾಪ ಆಕೆಗೆ ಗೊತ್ತಿರಲಿಲ್ಲ.

ಆಟದ ಹೆಸರು 'ಅಲ್ಟಿಮ'. ಅದರ ನಾಲ್ಕನೆಯ ಭಾಗ. 'ಅವತಾರದ ಅನ್ವೇಷಣೆ' ಎಂದು ಅದರ ಉಪನಾಮ. ಮಾಡಿದವನು ಅಮೆರಿಕದ ರಿಚರ್ಡ್ ಗ್ಯಾರಿಯಟ್. ಇವನ ತಂದೆ ಓವನ್ ಗ್ಯಾರಿಯಟ್ 1973ರಲ್ಲಿ ಸ್ಕೈಲ್ಯಾಬಿನಲ್ಲಿ ಸುಮಾರು ಎರಡು ತಿಂಗಳು ಇದ್ದು ಬಂದ ಗಗನಯಾತ್ರಿ. ಮಗನೂ 2008ರಲ್ಲಿ, ಆಟ ಮಾಡಿ ಗಳಿಸಿದ ಹಣದಿಂದ, ಅಂತರಿಕ್ಷಕ್ಕೆ ಹೋಗಿ ಬಂದ. ಇಂಥ ಆಟಗಳಲ್ಲಿ ಸಾಮಾನ್ಯವಾಗಿ ಒಬ್ಬ ದುಷ್ಟನಿರುತ್ತಾನೆ; ಆಡುವವನು ಸಿಕ್ಕಿದ್ದನ್ನು ಕದ್ದು, ಎದುರಾದವರನ್ನು ಬಡಿದು, ಕೊನೆಗೆ ಆ ದುಷ್ಟನನ್ನು ಕೊಂದರೆ ಆಟ ಮುಗಿಯಿತು. ಗ್ಯಾರಿಯಟ್ಟನ ಮೊದಲ ಮೂರು ಭಾಗಗಳೂ ಹೀಗೆಯೇ ಇದ್ದುವು. ಆಮೇಲೆ ಮಕ್ಕಳ ತಾಯಿತಂದೆಗಳಿಂದ ಕೋಪದ ಕಾಗದಗಳು ಬಂದುವಂತೆ. ಅವನ್ನು ಓದಿ, ತನ್ನ ಆಟದಲ್ಲಿ ಜನ ಅಂಗಡಿಯವರನ್ನೂ ಬಡವರನ್ನೂ ದೋಚಿಯೇ ಗೆಲ್ಲುತ್ತಿದ್ದಾರೆ ಎಂಬುದನ್ನೂ ಕಂಡು, 1985ರಲ್ಲಿ ಅವನು ಈ ನಾಲ್ಕನೆಯದನ್ನು ಹೊರತಂದ. ಇದರಲ್ಲಿ ಕೊಲ್ಲಬೇಕಾದ ದುಷ್ಟನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಮಾನ, ಆಧ್ಯಾತ್ಮ, ವಿನಯ ಎಂಬ ಎಂಟು ಗುಣಗಳನ್ನು ಒಂದೊಂದಾಗಿ ಸಾಧಿಸಿ 'ಅವತಾರ'ವಾಗುವುದೇ ಆಟ. ಮಾತು ನಮ್ಮದೇ, ಆದರೆ ಅವನು ತಲೆಕೆಳಗಾಗಿ ಹಿಡಿದುಕೊಂಡಿದ್ದಾನೆ. ನಮ್ಮಲ್ಲಿ ಅವತಾರವೆಂದರೆ ಮೇಲಿದ್ದವನು ಕೆಳಗಿಳಿದು ಬರುವುದು. ಇಲ್ಲಿ ಕೆಳಗಿದ್ದವನು ಏದುಸಿರು ಬಿಡುತ್ತಾ ಮೇಲೆ ಹತ್ತಬೇಕು. ಮೊಣಕಾಲು ನೋವಿರುವ ನನ್ನಂಥವನಿಗೆ ಎರಡನೆಯದರ ಕಷ್ಟ ಚೆನ್ನಾಗಿ ಗೊತ್ತು.

ಈ ಆಟ ನಮ್ಮ ಮನೆಯನ್ನು ಹೊಕ್ಕದ್ದು 1990ರ ಬೇಸಿಗೆ ರಜದಲ್ಲಿ. ಆಗ ಊರಿಗೆ ಇನ್ನೂ ಮದರಾಸೆಂದೇ ಹೆಸರು. ಚೆನ್ನೈ ಆದದ್ದು 1996ರಲ್ಲಿ. ನಾನು ಆಡಿಟರು, ಮನೆಯ ಮುಂದಿನ ಕೋಣೆಯೇ ಆಫೀಸು. ಮೌಂಟ್ ರೋಡಿನ ಪಕ್ಕದ ರಿಚ್ಚಿ ಸ್ಟ್ರೀಟಿನಲ್ಲಿ, ಯಾರೋ ಉಪಯೋಗಿಸಿ ಬಿಟ್ಟಿದ್ದ ಒಂದು ಕಂಪ್ಯೂಟರನ್ನು ಚೌಕಾಶಿ ಮಾಡಿ ತಂದಿದ್ದೆ. ಹಾರ್ಡ್ ಡಿಸ್ಕೆಂಬುದು ಅದಕ್ಕಿರಲಿಲ್ಲ, ಎರಡು ಬಾಯಿಗಳಿದ್ದುವು. ಒಂದೊಂದು ಬಾಯಿಗೂ ಐದೂಕಾಲು ಅಂಗುಲದ ಒಂದೊಂದು ಫ್ಲಾಪಿ ತುರುಕಿದರೆ ಕರಕರ ಅಗಿದು ಕೆಲಸ ಮಾಡುತ್ತಿತ್ತು. ಒಂದು ಫ್ಲಾಪಿಯಲ್ಲಿ ಹಿಡಿಯುತ್ತಿದ್ದುದು 360 ಕಿಲೋಬೈಟು. ಈಗ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದರಲ್ಲಿ ಕೂಡುವುದಿಲ್ಲ; ಆಗ ಅಷ್ಟರಲ್ಲಿ ಒಂದು ಅಂಗಡಿಯ ಇಡೀ ವರ್ಷದ ಜಮಾಖರ್ಚು ಕೂಡುತ್ತಿತ್ತು.

ಹಗಲು ಯಂತ್ರ ನನ್ನದು, ಸಂಜೆ ನನ್ನ ಮಗನದು. ಆಟ ಅವನ ಸಹಪಾಠಿಯೊಬ್ಬನಿಂದ ಬಂತು, ಅವನಿಗೆ ಇನ್ನೊಬ್ಬನಿಂದ. ಹೀಗೆ ಕೈಯಿಂದ ಕೈಗೆ ನಕಲಾಗುತ್ತಾ, ಪ್ರಾಮಾಣಿಕತೆಯೇ ಮೊದಲ ಗುಣವೆಂದು ಸಾರುವ ಆಟ ನಮ್ಮ ಮನೆಗೆ ಕಳ್ಳಮಾಲಾಗಿ ಬಂತು. ಪರರ ಲೆಕ್ಕ ಪರಿಶೋಧಿಸಿ ಹೊಟ್ಟೆ ಹೊರೆಯುವ ನಾನು ಅದನ್ನು ಆಕ್ಷೇಪಿಸಲಿಲ್ಲವೆಂಬುದನ್ನೂ ಇಲ್ಲಿಯೇ ಬರೆದುಬಿಡುತ್ತೇನೆ. ಮುಂದೆ ಬರೆಯಬೇಕಾದದ್ದು ಇದಕ್ಕಿಂತ ದೊಡ್ಡದಿದೆ.

ದುಡ್ಡು ಕೊಟ್ಟು ಕೊಂಡವರಿಗೆ ಪೆಟ್ಟಿಗೆಯಲ್ಲಿ ಬಟ್ಟೆಯ ಮೇಲೆ ಅಚ್ಚಾದ ಭೂಪಟ, ಎರಡು ಪುಸ್ತಕ, ಲೋಹದ ಒಂದು ತಾಯಿತ ಸಿಕ್ಕುತ್ತಿತ್ತು. ನಮಗೆ ಅವೊಂದೂ ಇಲ್ಲ. ಆಟದ ಬ್ರಿಟಾನಿಯ ದೇಶವೋ 256 ಚೌಕ ಅಗಲ, 256 ಚೌಕ ಉದ್ದ, ಒಟ್ಟು 65,536. ನನ್ನ ಮಗ ನನ್ನ ಹತ್ತಿರ ಒಂದು ಉದ್ದನೆಯ ಲೆಡ್ಜರು ಕೇಳಿ ತೆಗೆದುಕೊಂಡು, ಅದಕ್ಕೆ ಚೌಕಗಳನ್ನು ಗೀಚಿ, ಬೆಟ್ಟ, ಹೊಳೆ, ಜೌಗು, ಪಟ್ಟಣ ಎಲ್ಲವನ್ನೂ ತಾನೇ ನಡೆದು ನೋಡಿ ಬರೆದುಕೊಳ್ಳತೊಡಗಿದ. ಮಂತ್ರ ಹಾಕಬೇಕಾದರೆ ಮೂಲಿಕೆಗಳನ್ನು ಬೆರೆಸಬೇಕು. ಯಾವುದಕ್ಕೆ ಯಾವುದು ಎಂಬುದು ಆ ಪುಸ್ತಕದಲ್ಲಿತ್ತು. ಇವನು ತಪ್ಪುತಪ್ಪಾಗಿ ಬೆರೆಸಿ ಬೆರೆಸಿ, ಒಂದು ರಾತ್ರಿ ಬೆಳ್ಳುಳ್ಳಿಯನ್ನೂ ಜಿನ್‌ಸೆಂಗ್ ಬೇರನ್ನೂ ಕೂಡಿಸಿದರೆ ವಿಷ ಇಳಿಯುತ್ತದೆಂದು ಕಂಡುಹಿಡಿದು ಕುಣಿದಾಡಿದ. "ಬೆಳ್ಳುಳ್ಳಿ ವಿಷ ಇಳಿಸತ್ತೆ ಅಂತ ಅದರಲ್ಲಿ ನೋಡಿ ಕಲೀಬೇಕೇನೋ? ನನ್ನ ಕೇಳಿದ್ರೆ ಹೇಳ್ತಿರಲಿಲ್ವೇ?" ಎಂದರು ನನ್ನ ತಾಯಿ.

ನನ್ನ ತಾಯಿಯ ವಿಷಯ ಹೇಳದೆ ಈ ಕಥೆ ಸಾಗುವುದಿಲ್ಲ. ನಂಜನಗೂಡಿನ ಕಡೆಯವರು. ಮದರಾಸಿನಲ್ಲಿ ಇಪ್ಪತ್ತಾರು ವರ್ಷವಿದ್ದರೂ ತರಕಾರಿಯವನೊಡನೆ ಕನ್ನಡದಲ್ಲಿಯೇ ವಾದಿಸಿ ಗೆದ್ದು ಬರುತ್ತಿದ್ದವರು. ಪ್ರತಿ ಯುಗಾದಿಗೂ ಮೈಸೂರಿನಿಂದ ಒಂಟಿಕೊಪ್ಪಲ್ ಪಂಚಾಂಗ ಬರದಿದ್ದರೆ ಅವರಿಗೆ ವರ್ಷ ಶುರುವಾಗುತ್ತಿರಲಿಲ್ಲ. ಆಟದ ರಾಜನ ಹೆಸರು ಲಾರ್ಡ್ ಬ್ರಿಟಿಷ್ ಎಂದು ಕೇಳಿ, "ಅವರು ಇನ್ನೂ ಹೋಗಿಲ್ವೇನೋ?" ಎಂದು ಬೆಚ್ಚಿದರು. ಆ ದೇಶಕ್ಕೆ ಇಬ್ಬರು ಚಂದ್ರರು. ಇಬ್ಬರ ಕಲೆಗಳನ್ನೂ ಗುರುತಿಟ್ಟುಕೊಂಡರೆ ಯಾವ ಘಳಿಗೆಗೆ ಯಾವ ಜಾಗದಲ್ಲಿ ಮಾಯಾದ್ವಾರ ತೆರೆಯುತ್ತದೆ, ಅದರಲ್ಲಿ ಹೊಕ್ಕರೆ ಎಲ್ಲಿ ಹೊರಬೀಳುತ್ತೇವೆ ಎಂಬುದು ತಿಳಿಯುತ್ತದೆ. ಅತಿ ಅಪರೂಪದ ಎರಡು ಮೂಲಿಕೆಗಳು ಇಬ್ಬರಿಗೂ ಅಮಾವಾಸ್ಯೆಯಾದ ರಾತ್ರಿ ಮಾತ್ರ ಸಿಕ್ಕುತ್ತವೆ. ಇದನ್ನೆಲ್ಲ ಮಗ ವಿವರಿಸಿದಾಗ ತಾಯಿ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ಯೋಚಿಸಿ, "ಹಾಗಾದರೆ ಅಲ್ಲಿ ತಿಂಗಳಿಗೆ ಏಕಾದಶಿ ಎಷ್ಟು ಬರತ್ತೋ?" ಎಂದು ಕೇಳಿದರು. ಉತ್ತರ ಹೇಳಲು ಗ್ಯಾರಿಯಟ್ಟನಿಂದಲೂ ಆಗುತ್ತಿರಲಿಲ್ಲ.

ಶಾಲೆಯಲ್ಲಿ ನನ್ನ ಮಗನಿಗೆ ಎರಡನೆಯ ಭಾಷೆ ತಮಿಳು. ಕನ್ನಡದ ಅಕ್ಷರಗಳನ್ನು ಅವನಿಗೆ ಕಲಿಸಿದವರು ಅಜ್ಜಿ, ಅದೇ ಪಂಚಾಂಗದ ಪುಟಗಳನ್ನಿಟ್ಟುಕೊಂಡು. ನಮ್ಮಂಥ ಮನೆಗಳಲ್ಲಿ ಇಂಥ ಕಲಿಕೆ ಎಷ್ಟು ದಿನ ನಿಲ್ಲುತ್ತದೆಂದು ನಿಮಗೆಲ್ಲ ಗೊತ್ತೇ ಇದೆ. ಆದರೆ ಇವನಿಗೆ ಅದು ಉಪಯೋಗಕ್ಕೆ ಬಂತು. ಆಟ ಕೊಟ್ಟ ಸಹಪಾಠಿ ಸಂಜೆ ಬಂದು ಲೆಡ್ಜರಿನೊಳಗೆ ಇಣುಕುತ್ತಿದ್ದ, ಇಬ್ಬರಿಗೂ ಪೈಪೋಟಿ. ಮಾರನೆಯ ದಿನದಿಂದ ನನ್ನ ಮಗ ಲೆಡ್ಜರನ್ನು ಕನ್ನಡದಲ್ಲಿ ಬರೆಯತೊಡಗಿದ. ಆಟದಲ್ಲಿಯೂ ಕೆಲವು ಗುಟ್ಟುಗಳು ಹಳೆಯದೊಂದು ಲಿಪಿಯಲ್ಲಿರುತ್ತವೆ. ಅವನಿಗೆ ಕನ್ನಡವೇ ಆ ಲಿಪಿಯಾಯಿತು.

1991ರ ಜನವರಿ. ಹತ್ತನೆಯ ತರಗತಿಯ ಪರೀಕ್ಷೆಗೆ ಎರಡು ತಿಂಗಳಿತ್ತು. ಅರ್ಧವಾರ್ಷಿಕದ ಗಣಿತದಲ್ಲಿ ನೂರಕ್ಕೆ ನಲವತ್ತೊಂದು. ಸಂಕ್ರಾಂತಿ ಕಳೆದ ಮೂರನೆಯ ರಾತ್ರಿ, ಎಲ್ಲರೂ ಮಲಗಿದ ಮೇಲೆ, ನಾನು ಅವನ ಫ್ಲಾಪಿಯನ್ನು ಯಂತ್ರಕ್ಕೆ ಹಾಕಿ 'ಫಾರ್ಮ್ಯಾಟ್' ಎಂದು ಬರೆದೆ. ಸಿದ್ಧವಾದಾಗ ಎಂಟರ್ ಒತ್ತು ಎಂದಿತು, ಒತ್ತಿದೆ. ಈ ಆಟದಲ್ಲಿ ಪ್ರಯಾಣವನ್ನು ಉಳಿಸಿಕೊಳ್ಳುವುದಕ್ಕೆ ಒಂದೇ ಜಾಗ. ಹಳೆಯದೊಂದು, ಹೊಸದೊಂದು ಎಂದು ಎರಡಿಟ್ಟುಕೊಳ್ಳುವಂತಿಲ್ಲ. ಎಂಟು ತಿಂಗಳ ನಡೆದಾಟ ಒಂದು ನಿಮಿಷದಲ್ಲಿ ಅಳಿಸಿತು. ಬೆಳಿಗ್ಗೆ, "ನಿನ್ನ ಫ್ಲಾಪಿಗೆ ಬೂಷ್ಟು ಹಿಡಿದಿದೆಯಪ್ಪ. ಯಂತ್ರ ಕೆಡುತ್ತದೆಂದು ಎಸೆದುಬಿಟ್ಟೆ" ಎಂದೆ. ಮದರಾಸಿನ ಸಮುದ್ರದ ಹವೆಗೆ ಫ್ಲಾಪಿಗಳಿಗೆ ಬೂಷ್ಟು ಹಿಡಿಯುತ್ತಿದ್ದುದು ನಿಜ. ಆದ್ದರಿಂದ ಸುಳ್ಳು ಚೆನ್ನಾಗಿತ್ತು. ಹುಡುಗ ನನ್ನ ಮುಖವನ್ನೇ ನೋಡಿದ. ಏನೂ ಕೇಳದೆ ಲೆಡ್ಜರನ್ನು ಮುಚ್ಚಿಟ್ಟು ಸ್ನಾನಕ್ಕೆ ಹೋದ.

ಎಸೆದೆನೆಂಬುದೂ ಸುಳ್ಳೇ. ದುಡ್ಡು ಕೊಟ್ಟು ತಂದ ಫ್ಲಾಪಿಯನ್ನು ಎಸೆಯುವ ಜಾತಿ ನನ್ನದಲ್ಲ. ಕಬ್ಬಿಣದ ಸಾಮಾನಿನ ಅಂಗಡಿಯೊಂದರ ಟ್ರಯಲ್ ಬ್ಯಾಲೆನ್ಸನ್ನು ಅದಕ್ಕೆ ತುಂಬಿ, ಮೇಲೆ ಹೊಸ ಚೀಟಿ ಅಂಟಿಸಿ, ಆಫೀಸಿನ ಪೆಟ್ಟಿಗೆಯಲ್ಲಿಟ್ಟೆ.

ಹುಡುಗ ಚೆನ್ನಾಗಿಯೇ ತೇರ್ಗಡೆಯಾದ, ಇಂಜಿನಿಯರಾದ, ಅಮೆರಿಕಕ್ಕೆ ಹೋದ. ಅಲ್ಲಿಯೇ ನೆಲೆಸಿದ. ನನ್ನ ತಾಯಿ 1998ರಲ್ಲಿ ತೀರಿಕೊಂಡರು. ಫ್ಲಾಪಿಯ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ನಾನು ಮಾಡಿದ್ದು ಸರಿಯೆಂದೇ ನನ್ನ ನಂಬಿಕೆಯಾಗಿತ್ತು. ಪೇರೀಜು ಸರಿಬಂದ ಮೇಲೆ ನಡುವಿನ ನಮೂದುಗಳನ್ನು ಯಾರು ತೆರೆದು ನೋಡುತ್ತಾರೆ?

2023ರ ಡಿಸೆಂಬರ್ ಮೊದಲ ವಾರದ ಮಿಚಾಂಗ್ ಚಂಡಮಾರುತವನ್ನು ಚೆನ್ನೈಯವರು ಮರೆತಿರಲಾರರು. ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿತು, ಕರೆಂಟು ಹೋಯಿತು. ಕೆಳಗಿನ ಕಪಾಟಿನಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಎತ್ತಿಡುವಾಗ ಆ ಲೆಡ್ಜರು ಕೈಗೆ ಬಂತು. ಅಂಚು ನೆನೆದಿತ್ತು. ಕರೆಂಟು ಬಂದ ಮೇಲೆ ಫ್ಯಾನಿನ ಕೆಳಗೆ ಪುಟ ಬಿಡಿಸುತ್ತಾ ಒಣಗಿಸುತ್ತಾ ಕುಳಿತೆ. ಮೂವತ್ತೆರಡು ವರ್ಷಗಳ ಮೇಲೆ ಮೊದಲ ಸಲ ಅದನ್ನು ಓದಿದೆ.

ಎಂಥ ಲೆಡ್ಜರು! ನನ್ನ ಕೈಕೆಳಗೆ ತರಬೇತಾದ ಗುಮಾಸ್ತರು ಯಾರೂ ಹಾಗೆ ಬರೆದವರಲ್ಲ. ಪಟ್ಟಣಕ್ಕೊಂದು ಪುಟ, ಅಲ್ಲಿ ಯಾರಿದ್ದಾರೆ, ಏನು ಹೇಳಿದರು, ಆ ಮಾತನ್ನು ಮುಂದೆ ಯಾವ ಊರಿನವನ ಮಾತಿನೊಡನೆ ತಾಳೆ ನೋಡಬೇಕು. ಎಂಟು ಗುಡಿಗಳ ಎಂಟು ಬೀಜಮಂತ್ರಗಳು, ಅಜ್ಜಿ ತಿದ್ದಿಸಿದ ದುಂಡಕ್ಷರದಲ್ಲಿ: ಅಹ್ಮ್, ಮೂ, ರಾ... ಏಳನೆಯದು ನಮ್ಮ 'ಓಂ' ಆಗಿಬಿಟ್ಟಿತ್ತು. ಅದರ ಪಕ್ಕದಲ್ಲಿ "ಅಜ್ಜಿಗೆ ಖುಷಿ" ಎಂದು ಬರೆದಿದ್ದ. ಇನ್ನೊಂದು ಪುಟದ ಅಂಚಿನಲ್ಲಿ, ಕೆಳಗೆ ಎರಡು ಗೆರೆ ಎಳೆದು, "ಕುರುಡಿಗೆ ಇನ್ಮೇಲೆ ಪೂರಾ ಕೊಡಬೇಕು." ಕೊನೆಯ ಪುಟಗಳಲ್ಲಿ 'ಡಿಸೀಟ್' ಎಂಬ ಗುಹೆಯ ನಕ್ಷೆ. ಮೋಸ ಎಂದು ಅದರ ಅರ್ಥ. ಒಂದರ ಕೆಳಗೊಂದು ಎಂಟು ಅಂತಸ್ತು. ಒಂದೊಂದೂ ಚದುರಂಗದ ಹಾಸಿನ ಹಾಗೆ ಎಂಟೆಂಟು ಚೌಕ. ಇವನು ನಾಲ್ಕು ಬರೆದಿದ್ದ. ಐದನೆಯದಕ್ಕೆ ಗೆರೆ ಹಾಕಿಟ್ಟಿದ್ದ. ಒಳಗೆ ಏನೂ ಇರಲಿಲ್ಲ.

ಕುರುಡಿ ಯಾರೆಂದು ತಿಳಿಯಬೇಕೆನ್ನಿಸಿತು. ಆಟ ಆರಂಭವಾದದ್ದು ಹೀಗೆ. ನನ್ನ ತಮ್ಮನ ಮಗಳು ಬಂದು ನನ್ನ ಕಂಪ್ಯೂಟರಿಗೆ ಅದನ್ನು ಇಳಿಸಿಕೊಟ್ಟಳು. ಈಗ ಅದನ್ನು 'ಗಾಗ್' ಎಂಬ ಅಂಗಡಿಯವರು ಯಾರಿಗೆ ಬೇಕಾದರೂ ಹಣವಿಲ್ಲದೆ ಕೊಡುತ್ತಾರೆ, ಪುಸ್ತಕಗಳ ಸಮೇತ. ಹಳೆಯ ಕಳ್ಳಮಾಲಿನ ಬಾಕಿಯನ್ನು ತೀರಿಸುವ ಅವಕಾಶವನ್ನೂ ನನಗೆ ಉಳಿಸಲಿಲ್ಲ.

ಮೊದಲಿಗೆ ಒಬ್ಬ ಜಿಪ್ಸಿ ಹೆಂಗಸು, ನಮ್ಮ ಕೊರವಂಜಿ ಎನ್ನಿ, ಎಂಟು ಗುಣಗಳ ಎಂಟು ಎಲೆಗಳನ್ನು ಎರಡೆರಡಾಗಿ ಎದುರಿಗಿಟ್ಟು ಏಳು ಪ್ರಶ್ನೆ ಕೇಳುತ್ತಾಳೆ. ಇನ್ನೊಬ್ಬರ ಹಣದ ಚೀಲವನ್ನು, ಎಣಿಸದೆ ಕೊಟ್ಟದ್ದನ್ನು, ಒಯ್ಯುತ್ತಿದ್ದೀಯೆ, ದಾರಿಯಲ್ಲಿ ಭಿಕ್ಷುಕ, ಒಂದು ನಾಣ್ಯ ಕೊಟ್ಟರೆ ಯಾರಿಗೂ ತಿಳಿಯದು, ಏನು ಮಾಡುತ್ತೀಯೆ? ನಲವತ್ತು ವರ್ಷ ಆಡಿಟರಾಗಿದ್ದವನಿಗೆ ಇದು ಪ್ರಶ್ನೆಯೇ ಅಲ್ಲ. ಆದರೂ ಆ ಹೊತ್ತು ಏನಾಯಿತೋ, ನಾಣ್ಯ ಕೊಟ್ಟುಬಿಟ್ಟೆ. ಪ್ರಾಮಾಣಿಕತೆಯ ಎಲೆ ಮೊದಲನೆಯ ಸುತ್ತಿನಲ್ಲಿಯೇ ಮೂಲೆ ಸೇರಿತು. ಏಳೂ ಮುಗಿದಾಗ ಕರುಣೆ ಉಳಿದು ನಾನು ಗಾಯಕನಾದೆ. ಮಾರ್ಗಳಿಯ ಕಚೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ತಾಳ ತಪ್ಪಿಸುವವನೆಂದು ನನ್ನ ಖ್ಯಾತಿ; ಆ ಕೊರವಂಜಿಗೆ ಅದು ಹೇಗೆ ತಿಳಿಯಬೇಕು?

ಆಟದಲ್ಲಿ ಯಾರನ್ನು ಕಂಡರೂ ಮಾತನಾಡಿಸಬಹುದು. ಒಂದೊಂದೇ ಪದವನ್ನು ಕೀಬೋರ್ಡಿನಲ್ಲಿ ಒತ್ತಿ ಕೇಳಬೇಕು: ಹೆಸರು, ಕೆಲಸ, ಆರೋಗ್ಯ. ಇದರಲ್ಲಿ ನನಗೆ ಯಾವ ತರಬೇತಿಯೂ ಬೇಕಾಗಲಿಲ್ಲ. ಸಂಘದ ಯುಗಾದಿ ಕೂಟದಲ್ಲಿ ಹೊಸಬರು ಬಂದರೆ ನಾವು ಇದನ್ನೇ, ಇದೇ ಕ್ರಮದಲ್ಲಿ ಕೇಳುತ್ತೇವೆ. "ಯಾವೂರಾಯ್ತು?" ಎಂಬುದೊಂದು ಮಾತ್ರ ಅಲ್ಲಿಲ್ಲ, ಅದು ಗ್ಯಾರಿಯಟ್ಟನ ಕೊರತೆ. ಬಂದ ಉತ್ತರದಲ್ಲಿ ಒಂದು ಎಳೆ ಹಿಡಿದು ಮತ್ತೆ ಕೇಳಬೇಕು. ಆ ಎಳೆ ಮೂರು ಊರು ದಾಟಿಸುತ್ತದೆ. ಅವಸರದವರಿಗೆ ಹೇಳಿದ ಆಟವಲ್ಲ. ಚಿತ್ರಗಳೂ ಸಾಧಾರಣವೇ, ನಾನು ಎಂಬುದು ಬೆರಳುಗುರಿನಷ್ಟು ಚುಕ್ಕೆ. ಮೊದಲ ತಿಂಗಳಲ್ಲಿ ಆರು ಸಲ ಸತ್ತೆ. ಸತ್ತರೆ ಲಾರ್ಡ್ ಬ್ರಿಟಿಷನ ಎದುರಿನಲ್ಲಿ ಎದ್ದು ನಿಲ್ಲುತ್ತೇವೆ, ಅವನು ಬೈಯುವುದಿಲ್ಲ. ನನ್ನಾಕೆ ಊಟಕ್ಕೆ ಕರೆದು ಬೈಯುತ್ತಾಳೆ.

ನನಗೆ ನಿಜವಾದ ಹಿಂಸೆ ಬೇರೆ. ಭಿಕ್ಷುಕನಿಗೆ ಕೊಟ್ಟರೆ ಕರುಣೆ ಏರುತ್ತದೆ, ವೈದ್ಯಶಾಲೆಯಲ್ಲಿ ರಕ್ತ ಕೊಟ್ಟರೆ ತ್ಯಾಗ, ಯುದ್ಧದಿಂದ ಓಡಿದರೆ ಶೌರ್ಯ ಇಳಿಯುತ್ತದೆ. ಈ ಲೆಕ್ಕವನ್ನೆಲ್ಲ ಯಂತ್ರ ಒಳಗೊಳಗೇ ಬರೆದಿಡುತ್ತದೆ. ಪುಸ್ತಕವನ್ನು ನಮಗೆ ತೋರಿಸುವುದಿಲ್ಲ! ಅರಮನೆಯಲ್ಲಿ ಹಾಕ್‌ವಿಂಡ್ ಎಂಬ ಜ್ಞಾನಿಯಿದ್ದಾನೆ. ಅವನ ಮುಂದೆ ನಿಂತು ಯಾವ ಗುಣವೆಂದು ಕೇಳಿದರೆ, ಅಂಕಿಯನ್ನು ಹೇಳದೆ, ಎರಡು ಮಾತಿನಲ್ಲಿ ನಮ್ಮ ಯೋಗ್ಯತೆಯನ್ನು ಹೇಳುತ್ತಾನೆ. ಪೂರ್ಣವಾಗಿ ಸಾಧಿಸಿದ ಗುಣವನ್ನು ಆಮೇಲೆ ಕೆಡಿಸಿಕೊಂಡರೆ ಅವತಾರದ ಅರೆಕಾಲು ಭಾಗ ಹೋಯಿತೆಂದು ಪರದೆಯ ಮೇಲೆ ಬರೆದೇಬಿಡುತ್ತದೆ.

ಕುರುಡಿ ಸಿಕ್ಕಳು. ಮೂಲಿಕೆ ಮಾರುವ ಹೆಂಗಸು. ಸಾಮಾನು ಕಟ್ಟಿಕೊಟ್ಟು, ಇಷ್ಟಾಯಿತು ಎಂದು ಹೇಳಿ, ಎಷ್ಟು ಕೊಡುತ್ತೀಯೆಂದು ಕೇಳುತ್ತಾಳೆ. ಅಂಕಿಯನ್ನು ಒತ್ತುವವರು ನಾವು. ಅವಳಿಗೆ ಕಾಣುವುದಿಲ್ಲ. ಒಂದು ದಿನ ಕೈಯಲ್ಲಿ ಹಣ ಕಡಮೆಯಿತ್ತು. ಜೊತೆಯವನೊಬ್ಬ ವಿಷವೇರಿ ಸಾಯುತ್ತಿದ್ದ. ಅರವತ್ತು ನಾಣ್ಯದ ಮಾಲು ತೆಗೆದುಕೊಂಡು, 'ಒಂದು' ಎಂದು ಒತ್ತಿದೆ. ಒಳ್ಳೆಯ ಕಾರ್ಯಕ್ಕಾಗಿ ತಾನೆ? ಅವಳು ಏನೂ ಅನ್ನದೆ ತೆಗೆದುಕೊಂಡಳು. ಜೊತೆಯವನು ಬದುಕಿದ. ಹಾಕ್‌ವಿಂಡನ ಬಳಿ ಹೋಗಿ ಪ್ರಾಮಾಣಿಕತೆಯನ್ನು ಕುರಿತು ಕೇಳಿದೆ. ನೀನು ಕಳ್ಳ ಎಂದ.

ಪರದೆಯ ಮೇಲಿನ ಒಂದು ಸಾಲು ಓದಿ ಎಪ್ಪತ್ತು ದಾಟಿದವನು ರಾತ್ರಿಯಿಡೀ ನಿದ್ದೆ ಬಾರದೆ ಹೊರಳಿದ ಎಂದರೆ ಅದಕ್ಕೂ ನೀವು ನಗಬಹುದು.

ಮಗ ಫೋನು ಮಾಡುವುದು ನಮ್ಮ ಭಾನುವಾರ ಬೆಳಿಗ್ಗೆ, ಅವರಿಗೆ ಶನಿವಾರ ರಾತ್ರಿ. ಹವೆ, ಮಂಡಿನೋವು, ಮೊಮ್ಮಗಳ ಶಾಲೆ ಎಲ್ಲ ಮುಗಿದ ಮೇಲೆ, "ನಿನ್ನ ಆ ಫ್ಲಾಪಿಗೆ ಬೂಷ್ಟು ಹಿಡಿದಿರಲಿಲ್ಲ. ನಾನೇ ಅಳಿಸಿದ್ದು" ಎಂದೆ.

ಯಾವ ಫ್ಲಾಪಿ ಎಂದು ಅವನು ಕೇಳಲಿಲ್ಲ. ಸ್ವಲ್ಪ ಹೊತ್ತು ತಡೆದು, "ಗೊತ್ತಪ್ಪಾ" ಎಂದ.

"ಹೇಗೆ ಗೊತ್ತು?"

"ನೀವು ಮೇಲೆ ಅಂಟಿಸಿದ್ದ ಚೀಟಿ ಚಿಕ್ಕದು. ಕೆಳಗೆ ನಾನು ಹಸಿರು ಇಂಕಲ್ಲಿ ಬರೆದಿದ್ದ 'ಅ' ಅರ್ಧ ಕಾಣ್ತಿತ್ತು. ಆ ವಾರವೇ, ಕಬ್ಬಿಣದಂಗಡಿ ಫ್ಲಾಪಿ ತಗೊಂಡು ಬಾ ಅಂತ ನನ್ನ ಕೈಲೇ ತರಿಸಿಕೊಂಡ್ರಲ್ಲ."

ನನಗದು ನೆನಪಿರಲಿಲ್ಲ. ಈಗಲೂ ಇಲ್ಲ. "ಆಗಲೇ ಏಕೆ ಕೇಳಲಿಲ್ಲ?" ಎಂದೆ.

"ಕೇಳೋಣ ಅಂತಲೇ ಇದ್ದೆ. ಅಜ್ಜಿ ಬೇಡ ಅಂದ್ರು. ಅವನಿಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ, ತಡಕೊಳ್ಳಕ್ಕಾಗದೆ ಒಂದೆರಡು ದಿನದಲ್ಲಿ ಅವನೇ ಹೇಳ್ತಾನೆ, ನೋಡ್ತಿರು ಅಂದ್ರು."

ಅಂದರೆ ನನ್ನ ತಾಯಿ ಏಳು ವರ್ಷ ಕಾದರು. ನಾನು ಆ ಮೇಲೆ ಏನು ಹೇಳಿದೆನೋ ತಿಳಿಯದು. ಮತ್ತೆ ಎಂದಾದರೂ ಆ ಆಟ ಆಡಿದೆಯಾ ಎಂದು ಕೇಳಿದೆನೆಂದು ಕಾಣುತ್ತದೆ. ಎರಡು ಮೂರು ಸಲ ಶುರುಮಾಡಿ, ಆ ಜಿಪ್ಸಿಯ ಪ್ರಶ್ನೆಗಳು ಮುಗಿಯುತ್ತಲೇ ಬಿಟ್ಟುಬಿಟ್ಟನಂತೆ. ಬೇಸರದ ದನಿಯಲ್ಲೇನೂ ಹೇಳಲಿಲ್ಲ. ಆಮೇಲೆ ಅವನೇ, "ಪುಸ್ತಕದಲ್ಲಿ ಡಿಸೀಟ್ ಎಲ್ಲೀವರೆಗೆ ಇದೆ?" ಎಂದ.

"ನಾಲ್ಕು ಅಂತಸ್ತು."

"ದೀವಟಿಗೆ ಸಾಕಷ್ಟು ಇಟ್ಕೊಳ್ಳಿ. ನಾನು ಕಮ್ಮಿ ಒಯ್ದು ಎರಡು ಸಲ ಕತ್ತಲಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಆಮೇಲೆ ಬರೀತಾ ಹೋಗಿ, ಪ್ರತಿ ಭಾನುವಾರ ಫೋಟೋ ತೆಗೆದು ಕಳಿಸಿ. ಕನ್ನಡದಲ್ಲೇ ಬರೀರಿ. ಇಲ್ಲೊಬ್ಬಳು ಆಗಲೇ ಇಣುಕ್ತಿದ್ದಾಳೆ, ಅವಳಿಗೆ ಗೊತ್ತಾಗಬಾರದು." ಹಿಂದಿನಿಂದ ಮೊಮ್ಮಗಳು ಇಂಗ್ಲಿಷಿನಲ್ಲಿ ಏನೋ ಪ್ರತಿಭಟಿಸಿದಳು. ಗುಟ್ಟು ಬೇಕಾದರೆ ತಾತನನ್ನು ಕೇಳಿ ಅಕ್ಷರ ಕಲಿತುಕೋ ಎಂದು ಅವಳಿಗೆ ಉತ್ತರವಾಯಿತು. 'ಅ'ದಿಂದ 'ಋ'ವರೆಗೆ ಬಂದಿದ್ದಾಳೆ. 'ಋ' ಬರೆಯುವಾಗ ಪ್ರತಿ ಸಲವೂ ಜಗಳ.

ಕುರುಡಿಯ ಅಂಗಡಿಗೆ ಎಷ್ಟು ಸಲ ಹೋಗಿ ಬೇಡದ ಬೆಳ್ಳುಳ್ಳಿಯನ್ನೆಲ್ಲ ಪೂರ್ತಿ ಬೆಲೆ ಕೊಟ್ಟು ತಂದೆನೋ ಲೆಕ್ಕವಿಟ್ಟಿಲ್ಲ. ಹಾಕ್‌ವಿಂಡ್ ಈಗ ಸ್ವಲ್ಪ ಮೆತ್ತಗೆ ಮಾತನಾಡುತ್ತಾನೆ. ಆ ಗುಹೆಯಿರುವುದು ದ್ವೀಪದಲ್ಲಿ, ಹಡಗು ಬೇಕು, ಹಡಗೆಂದರೆ ಕಡಲುಗಳ್ಳರಿಂದ ಕಿತ್ತುಕೊಂಡದ್ದೇ ಆಗಬೇಕು. ಅದೂ ಕಳೆದ ವಾರ ಆಯಿತು. ದೀವಟಿಗೆಗಳನ್ನು ಹೊರುವಷ್ಟು ಕೊಂಡೆ. ನಿನ್ನೆ ರಾತ್ರಿ ನಾಲ್ಕನೆಯ ಅಂತಸ್ತಿನ ಏಣಿಯನ್ನು, ಅವನು ಬರೆದಿದ್ದ ಜಾಗದಲ್ಲಿಯೇ ಕಂಡು, ಇಳಿದೆ. ಅವನು ಗೆರೆ ಹಾಕಿಟ್ಟಿದ್ದ ಚೌಕಗಳಲ್ಲಿ ಪೆನ್ಸಿಲಿನಿಂದ ಮೂರನ್ನು ತುಂಬಿದ್ದೇನೆ. ಎಡಗಡೆ ಗೋಡೆ, ಎದುರಿಗೆ ಬಾಗಿಲು, ಬಲಗಡೆಯ ಚೌಕದಲ್ಲಿ "ಇಲಿ, ದೊಡ್ಡವು, ಎರಡು."